ಟೈಮಿಗೆ ಊಟ ಕೊಟ್ರೆ ಸಾಕಾ?

ನಮ್ಮ ಸೋದರತ್ತೆ ಇರೋ ವೃದ್ಧಾಶ್ರಮದಲ್ಲಿ ಊಟ, ಮಾತ್ರೆ, ಬಿಪಿ ಚೆಕ್ ಎಲ್ಲಾ ಟೈಮಿಗೆ ಆಗುತ್ತೆ, ಆದ್ರೂ ಮಧ್ಯಾಹ್ನ ಹೋದ್ರೆ ಎಲ್ರೂ ಗೇಟ್ ಕಡೆನೇ ನೋಡ್ತಾ ಕೂತಿರ್ತಾರೆ. 1991ರಲ್ಲಿ ನ್ಯೂಯಾರ್ಕ್ ರಾಜ್ಯದ ನ್ಯೂ ಬರ್ಲಿನ್ ಅನ್ನೋ ಸಣ್ಣ ಊರಲ್ಲಿ ಬಿಲ್ ಥಾಮಸ್ ಅಂತ ಡಾಕ್ಟರು, ಒಂಟಿತನ, ಬೇಜಾರು, ಅಸಹಾಯಕತೆ ಇವೇ ಇಲ್ಲಿನ ದೊಡ್ಡ ಕಾಯಿಲೆ ಅಂದ್ಬಿಟ್ಟು ತಾವು ಕೆಲಸ ಮಾಡ್ತಿದ್ದ ಹೋಮಿಗೆ ನಾಯಿ, ಬೆಕ್ಕು, ಜೊತೆಗೆ 100 ಸಣ್ಣ ಗಿಣಿ ತರಿಸಿದ್ರಂತೆ (ಕ್ಲೀನ್ ಮಾಡೋರ ಗತಿ ದೇವರೇ ಬಲ್ಲ!). ಸೇವೆ ಮಾಡಿಸ್ಕೊಳ್ಳೋರಿಗೂ ತಾವು ಯಾರನ್ನಾದ್ರೂ ನೋಡ್ಕೋಬೇಕು ಅನ್ಸುತ್ತೆ ಅಲ್ವಾ. ನಮ್ಮಲ್ಲಿ ಗಿಣಿ ಬೇಡ, ಸೀಸನ್ನಲ್ಲಿ ಒಂದು ಮೊರ ಅವರೆಕಾಯಿ ಕೊಟ್ಟು ಬಿಡಿಸಿ ಅಂದ್ರೆ ಸಾಕು, ಅತ್ತೆ ಪಕ್ಕದವ್ರ ಜೊತೆ ಸಾರಿಗೆ ಏನೇನು ಹಾಕ್ಬೇಕು ಅಂತ ಜಗಳಾನೇ ಶುರು ಮಾಡ್ತಾರೆ. ಟೀವಿ ಹಾಕಿ ಕೂರ್ಸೋದಕ್ಕಿಂತ ಆ ಜಗಳ ಎಷ್ಟೋ ವಾಸಿ.