ಚಂದ್ರನಿಗೆ ಇಪ್ಪತ್ತು ವೋಲ್ಟು

ಒಳಗೆ ಎಷ್ಟು ತುಂಬಿಡಬಹುದೆಂದು ಹೇಳುವ, ಡಬ್ಬದ ಮೇಲಿನ ದಪ್ಪಕ್ಷರದ ಎಂಎಎಚ್ ಅಂಕಿ ನೋಡಿ ಪವರ್ ಬ್ಯಾಂಕ್ ಕೊಳ್ಳುವವರಿಗೆ ನಾನು ಹೇಳುವುದು ಒಂದೇ: ಡಬ್ಬ ತಿರುಗಿಸಿ, ಹಿಂದೆ ಇರುವೆಯಷ್ಟು ಸಣ್ಣಕ್ಷರದಲ್ಲಿರುವ ‘ಔಟ್‌ಪುಟ್’ ಸಾಲು ಓದಿ. ಫೋನಿಗಾದರೆ ಯಾವುದಾದರೂ ನಡೆದೀತು. ಪ್ರೊಜೆಕ್ಟರ್ ಓಡಿಸಬೇಕೆಂದರೆ ಆ ಸಾಲೇ ಎಲ್ಲ. ನಮ್ಮ ಮನೆಯವರಿಗೆ ಇದನ್ನು ಒಮ್ಮೆಗೇ ಮನದಟ್ಟು ಮಾಡಿಸಿದ್ದು ಚಂದ್ರಯಾನ-3.

2023ರ ಆಗಸ್ಟ್ 23, ಬುಧವಾರ. ನಾಗರ ಪಂಚಮಿಗೆಂದು ಊರಿಗೆ ಬಂದವನು ಬೆಂಗಳೂರಿಗೆ ಮರಳದೆ ಅಲ್ಲಿಂದಲೇ ಆಫೀಸಿನ ಕೆಲಸ ಮಾಡಿಕೊಂಡಿದ್ದೆ. ಸಿದ್ದಾಪುರ ತಾಲ್ಲೂಕಿನಲ್ಲಿ ಬಸ್ಸಿಳಿದು ಇನ್ನಷ್ಟು ನಡೆಯಬೇಕಾದ ಊರು ನಮ್ಮದು. ಆ ಆಗಸ್ಟಿನಲ್ಲಿ ಮಳೆ ಪೂರಾ ಕೈಕೊಟ್ಟಿತ್ತು, ಆದರೂ ಕರೆಂಟು ಮಾತ್ರ ಮಳೆಗಾಲದ ತನ್ನ ಪದ್ಧತಿ ಬಿಟ್ಟಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಹೋದದ್ದು ಬರುವ ಲಕ್ಷಣ ಕಾಣಲಿಲ್ಲ. ಇನ್ವರ್ಟರಿನ ಬ್ಯಾಟರಿ ಸತ್ತು ತಿಂಗಳ ಮೇಲಾಗಿತ್ತು. ಚಂದ್ರಯಾನ-3ರ ನೌಕೆ ವಿಕ್ರಮ್ ಚಂದ್ರನ ಮೇಲೆ ಇಳಿಯುವುದು ಸಂಜೆ 6 ಗಂಟೆ 4 ನಿಮಿಷಕ್ಕೆ, ಟೀವಿ ಮೂಕ.

ದೊಡ್ಡಪ್ಪನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2 ಇಳಿಯುವುದಿದ್ದ ರಾತ್ರಿ ಒಂದೂವರೆ ದಾಟಿದರೂ ಎದ್ದು ಕೂತಿದ್ದವರು ಅವರು. ಚಂದ್ರನ ನೆಲ ಇನ್ನು 2.1 ಕಿಲೋಮೀಟರ್ ಇದೆ ಎನ್ನುವಾಗ ಸಂಪರ್ಕ ಕಡಿದುಹೋದದ್ದನ್ನು ಸ್ವಂತ ಅಡಿಕೆ ತೋಟಕ್ಕೆ ಕೊಳೆರೋಗ ಬಂದಷ್ಟೇ ಸಂಕಟದಿಂದ ಹೇಳುತ್ತಿದ್ದರು. “ಮೊಬೈಲಿನಲ್ಲಿ ನೋಡೋಣ” ಎಂದರೆ, “ಅಷ್ಟು ಸಣ್ಣದರಲ್ಲಿ ಚಂದ್ರ ಯಾವುದು, ಚುಕ್ಕಿ ಯಾವುದು?” ಅಂದರು. ನ್ಯಾಯವಾದ ಮಾತೇ.

ನನ್ನ ಬ್ಯಾಗಿನಲ್ಲಿ ಅಂಗೈ ಮೇಲೆ ಕೂರುವ ಪ್ರೊಜೆಕ್ಟರ್ ಇತ್ತು. ಒಳಗೆ ಬ್ಯಾಟರಿ ಇಲ್ಲದ್ದನ್ನೇ ಹುಡುಕಿ ತೆಗೆದುಕೊಂಡಿದ್ದೆ. ಬ್ಯಾಟರಿ ಮುದಿಯಾದರೆ ಯಂತ್ರವೂ ಅದರ ಜೊತೆ ಮೂಲೆ ಸೇರುತ್ತದೆ, ಅದಕ್ಕಿಂತ ಬ್ಯಾಟರಿ ಹೊರಗಿರುವುದೇ ವಾಸಿ ಎಂಬುದು ನನ್ನ ಲೆಕ್ಕ. ಟೈಪ್-ಸಿ ಬಾಯಿ ಇದೆ, ಲ್ಯಾಪ್‌ಟಾಪಿನ 65 ವಾಟ್ ಚಾರ್ಜರಿನಲ್ಲಿ ಓಡುತ್ತದೆ.

ನನ್ನ ಹಳೆಯ ಹತ್ತು ಸಾವಿರ ಎಂಎಎಚ್‌ನ ಪವರ್ ಬ್ಯಾಂಕಿನಿಂದ ಅದು ಏಳುವುದಿಲ್ಲವೆಂದು ನನಗೆ ಗೊತ್ತಿತ್ತು, ಆದರೆ ದೊಡ್ಡಪ್ಪನಿಗೆ ಕಣ್ಣಾರೆ ಕಾಣಬೇಕು. ಹಚ್ಚಿದೆ. ಕೆಂಪು ದೀಪ ಪಿಳಿಪಿಳಿ ಮಿಟುಕಿಸಿ ಸುಮ್ಮನಾಯಿತು. “ಹತ್ತು ಸಾವಿರ ಇದ್ದೂ ಸಾಲದಾ?” ಅಂದರು. ಹತ್ತು ಸಾವಿರವೋ ಲಕ್ಷವೋ, ಅದು ಒಳಗೆ ತುಂಬಿಟ್ಟದ್ದರ ಲೆಕ್ಕ. ಒಂದು ಹೊತ್ತಿಗೆ ಎಷ್ಟು ಕೊಡಬಲ್ಲದು ಎಂಬುದು ಬೇರೆ. ಅದರ ತಾಕತ್ತು 18 ವಾಟ್, ಹೆಚ್ಚೆಂದರೆ 9 ವೋಲ್ಟು. ನಮ್ಮ ಯಂತ್ರಕ್ಕೆ ಬೇಕಾದ್ದು 20 ವೋಲ್ಟು, ಸುಮಾರು 40 ವಾಟ್.

ಅಷ್ಟರಲ್ಲಿ ಭಾವ ತಮ್ಮ ಇಪ್ಪತ್ತು ಸಾವಿರದ್ದನ್ನು ತಂದರು. ತಿರುಗಿಸಿ ನೋಡಿದೆ, 65 ವಾಟ್, 20 ವೋಲ್ಟು, ಸರಿ ಇದೆ. ಆದರೆ ಭಾವ ಫೋನಿನ ಹಳೆಯ ವೈರನ್ನು ತೆಗೆದು ಅದರ ಅಗಲದ ಯುಎಸ್‌ಬಿ ತೂತಿಗೆ ಸಿಕ್ಕಿಸಿಬಿಟ್ಟರು. ಮತ್ತೆ ಅದೇ ಕೆಂಪು ದೀಪ. ಪವರ್ ಡೆಲಿವರಿ, ಅಂದರೆ ಯಂತ್ರ ಕೇಳಿದಷ್ಟು ವೋಲ್ಟು ಕೊಡುವ ಏರ್ಪಾಡು, ಅಗಲದ ತೂತಿನಿಂದ ಬರುವುದಿಲ್ಲ. ಎರಡೂ ತುದಿ ಟೈಪ್-ಸಿ ಇರಬೇಕು. ಮಾಮೂಲಿ ಸಿ-ಟು-ಸಿ ವೈರು 3 ಆಂಪಿಯರ್ ತಾಳುತ್ತದೆ, ಅಂದರೆ 20 ವೋಲ್ಟಿನಲ್ಲಿ 60 ವಾಟ್, ನಮಗೆ ಧಾರಾಳ. ಅದಕ್ಕೂ ಮೇಲೆ ಬೇಕಾದರೆ ತುದಿಯಲ್ಲಿ ಪುಟ್ಟ ಚಿಪ್ ಇರುವ 5 ಆಂಪಿಯರಿನ ವೈರೇ ಆಗಬೇಕು. ಲ್ಯಾಪ್‌ಟಾಪಿನ ವೈರು ಹಾಕಿದೆ. ಪ್ರೊಜೆಕ್ಟರ್ ಎದ್ದಿತು.

ದೊಡ್ಡಪ್ಪನಿಗೆ ವೋಲ್ಟಿನ ಪುರಾಣ ಬಿಡಿಸಿ ಹೇಳಿದ್ದು ಹೀಗೆ. ಈ ಬ್ಯಾಂಕು ಹೋಟೆಲಿನ ಮಾಣಿ ಇದ್ದ ಹಾಗೆ. ಗಿರಾಕಿ ಕೂತ ಕೂಡಲೆ ಮೊದಲು ನೀರಿಡುತ್ತಾನೆ, ಅದು 5 ವೋಲ್ಟು, ಯಾರು ಬಂದರೂ ಸಿಗುತ್ತದೆ. ಆಮೇಲೆ ಇವತ್ತು ಏನೇನಿದೆ ಅಂತ ಒದರುತ್ತಾನೆ: 5 ಇದೆ, 9 ಇದೆ, 15 ಇದೆ, 20 ಇದೆ. ಪ್ರೊಜೆಕ್ಟರ್ 20 ಎಂದು ಕೇಳಿದ ಮೇಲೆಯೇ ಅಷ್ಟು ಬಡಿಸುವುದು. ಪಟ್ಟಿಯಲ್ಲಿ 20 ಇಲ್ಲದಿದ್ದರೆ ನಮ್ಮ ಗಿರಾಕಿ ನೀರು ಕುಡಿದು ಎದ್ದು ಹೋಗುತ್ತಾನೆ. “ಅಂದರೆ ಕೆಂಪು ದೀಪ ಎದ್ದು ಹೋದದ್ದು!” ಅಂದರು ದೊಡ್ಡಪ್ಪ.

ಬ್ಯಾಂಕಿನ ನಾಲ್ಕು ಚುಕ್ಕಿಯಲ್ಲಿ ಮೂರು ಹೊತ್ತಿದ್ದವು. ಎಂಎಎಚ್ ಲೆಕ್ಕ ಒಳಗಿನ ಸೆಲ್ಲಿನ 3.7 ವೋಲ್ಟಿನದ್ದು, ಇಪ್ಪತ್ತು ಸಾವಿರ ಅಂದರೆ 74 ವಾಟ್-ಅವರ್, 74 ವಾಟ್ ಒಂದು ಗಂಟೆ ಕೊಡುವಷ್ಟು. ಮುಕ್ಕಾಲಂಶ 55. ವೋಲ್ಟು ಏರಿಸುವಾಗ ಬಿಸಿಯಾಗಿ ಸೋರುವುದನ್ನು ಕಳೆದರೆ ಸುಮಾರು 47. ಪೂರ್ತಿ ಬೆಳಕಿನಲ್ಲಿ ಗಂಟೆಯ ಮೇಲೆ ಸ್ವಲ್ಪ, ಬೆಳಕು ತಗ್ಗಿಸಿದರೆ ಒಂದೂವರೆ ಗಂಟೆ. ಇಸ್ರೋದ ನೇರಪ್ರಸಾರ 5.20ಕ್ಕೆ ಶುರು. ಅಲ್ಲಿಯವರೆಗೆ ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದೆ.

ಆಗಸ್ಟಿನ ಸಂಜೆ ಆರು ಗಂಟೆಗೂ ಹೊರಗೆ ಹಗಲೇ. ಈ ಪುಟ್ಟ ಯಂತ್ರಗಳು ಹಗಲ ಬೆಳಕಿಗೆ ಸೋಲುತ್ತವೆ. ನಮ್ಮ ನಡುಮನೆಯ ಕತ್ತಲೆಯನ್ನು ನಾನು ಹೊಗಳಿದ್ದು ಅವತ್ತೇ. ಮಟಮಟ ಮಧ್ಯಾಹ್ನವೂ ದೀಪ ಹಾಕಬೇಕಾದ ಕೋಣೆ ಅದು. ಇದ್ದ ಒಂದೇ ಕಿಟಕಿಗೆ ಕಂಬಳಿ ಕಟ್ಟಿದ್ದೇ ಸಿನಿಮಾ ಟಾಕೀಸು. ಗೋಡೆಗೆ ದೊಡ್ಡಪ್ಪನ ಬಿಳಿ ಪಂಚೆ. ಸಿಗ್ನಲ್ ಸಿಗುವುದು ಆ ಕಿಟಕಿಯ ಹತ್ತಿರ ಮಾತ್ರ, ಆದ್ದರಿಂದ ಹಾಟ್‌ಸ್ಪಾಟ್ ಮಾಡಿದ ನನ್ನ ಫೋನು ಕಂಬಳಿಯ ಹಿಂದೆ. ಕೇರಿಯ ಮಕ್ಕಳೆಲ್ಲ ಬಂದರು, ಅವರ ಹಿಂದೆ ದೊಡ್ಡವರೂ ಬಂದರು. ಅತ್ತೆ ಪಂಚಮಿಯ ಉಳಿದ ಉಂಡೆ ಹಂಚಿದರು.

5.45ರ ಹೊತ್ತಿಗೆ ಇಳಿಯುವ ಕೆಲಸ ಆರಂಭವಾಯಿತು. 30 ಕಿಲೋಮೀಟರ್ ಎತ್ತರ, ಸೆಕೆಂಡಿಗೆ 1.68 ಕಿಲೋಮೀಟರ್ ವೇಗ. ಆ ವೇಗದ ಬಹುಪಾಲನ್ನು ಎಂಜಿನ್ನುಗಳು ಮೊದಲ ಹನ್ನೊಂದೂವರೆ ನಿಮಿಷ ಒಂದೇ ಸಮ ಉರಿದು ತಗ್ಗಿಸಬೇಕು. ಪಂಚೆಯ ಮೇಲೆ ವಿಕ್ರಮ್‌ನ ಎತ್ತರ ತೋರಿಸುವ ಹಸಿರು ಗೆರೆ ನಿಧಾನ ಕೆಳಗಿಳಿಯುತ್ತಿತ್ತು. ಇದ್ದಕ್ಕಿದ್ದಂತೆ ಪಂಚೆ ಪಂಚೆಯಾಗಿಬಿಟ್ಟಿತು. ಕತ್ತಲೆ.

“ಹೋಯ್ತು! ಈ ಸಲವೂ ಹೋಯ್ತು!” ದೊಡ್ಡಪ್ಪ ಎದ್ದೇ ನಿಂತರು.

ಕಂಬಳಿಯ ಹತ್ತಿರ ಅಕ್ಕನ ಮಗ ನನ್ನ ಫೋನು ಹಿಡಿದುಕೊಂಡು ನಿಂತಿದ್ದ. “ಮಾವಾ, ಮೊಬೈಲು ಆರು ಪರ್ಸೆಂಟಿಗೆ ಬಂದಿತ್ತು, ಚಾರ್ಜಿಗೆ ಹಾಕಿದೆ.” ಹಾಕಿದ್ದು ಅದೇ ಬ್ಯಾಂಕಿನ ಇನ್ನೊಂದು ತೂತಿಗೆ. ಹುಡುಗನ ತಪ್ಪೇನಿಲ್ಲ, ಫೋನು ಸತ್ತಿದ್ದರೂ ಆಟ ಮುಗಿಯುತ್ತಿತ್ತು. ಆದರೆ ಎರಡನೆಯ ಗಿರಾಕಿ ಬಂದ ಕೂಡಲೆ ಈ ಮಾಣಿ ಮೊದಲನೆಯವನ ತಟ್ಟೆ ಎತ್ತಿಕೊಂಡು ಹೋಗಿ ಹೊಸ ಪಟ್ಟಿ ಒದರುತ್ತಾನೆ, ಆ ಪಟ್ಟಿಯಲ್ಲಿ ಇಬ್ಬರಿಗೂ 5 ವೋಲ್ಟು ಮಾತ್ರ. ತಯಾರಕರು ಇದನ್ನು ಡಬ್ಬದ ಮೇಲೆ ಯಾಕೆ ಬರೆಯುವುದಿಲ್ಲವೋ. ಒಳಗೆ ಸ್ವಂತ ಬ್ಯಾಟರಿ ಇದ್ದ ಪ್ರೊಜೆಕ್ಟರಾಗಿದ್ದರೆ ಅಷ್ಟು ಹೊತ್ತು ತಡೆದುಕೊಳ್ಳುತ್ತಿತ್ತು; ಬ್ಯಾಟರಿ ಬೇಡ ಎನ್ನುವ ನನ್ನ ಸಿದ್ಧಾಂತ ಆ ಗಳಿಗೆಯಲ್ಲಿ ಸ್ವಲ್ಪ ಅಲುಗಾಡಿತು.

ಫೋನಿನ ವೈರು ಕಿತ್ತು, ಮೂಲೆಯಲ್ಲಿ ಬಿದ್ದಿದ್ದ ಹತ್ತು ಸಾವಿರದ್ದಕ್ಕೆ ಸಿಕ್ಕಿಸಿದೆ. ಫೋನಿಗೆ ಅದು ತಕ್ಕ ಜೋಡಿ. ಪ್ರೊಜೆಕ್ಟರಿನ ವೈರು ಒಮ್ಮೆ ತೆಗೆದು ಹಾಕಿದೆ, 20 ವೋಲ್ಟು ಬಂತು. ಆದರೆ ಅದು ಎದ್ದು, ಮುಖ ತೊಳೆದು, ವೈ-ಫೈ ಹುಡುಕಿ, ಯೂಟ್ಯೂಬ್ ತೆರೆಯುವಷ್ಟರಲ್ಲಿ ಕೋಣೆಯಲ್ಲಿ ಯಾರೂ ಉಸಿರು ಬಿಡಲಿಲ್ಲ. ಚಿತ್ರ ಬಂದಾಗ ಹಸಿರು ಗೆರೆ ಹತ್ತು ಕಿಲೋಮೀಟರಿನ ಮೇಲೇ ಇತ್ತು.

2.1 ಕಿಲೋಮೀಟರ್ ಬಂದಾಗ ದೊಡ್ಡಪ್ಪ ನನ್ನ ತೋಳು ಹಿಡಿದರು. ದಾಟಿತು. 150 ಮೀಟರಿನಲ್ಲಿ ನಿಂತು ಜಾಗ ನೋಡಿಕೊಂಡಿತು. ಪರದೆ ಎರಡು ಭಾಗವಾಗಿ ಒಂದರಲ್ಲಿ ಜೋಹಾನ್ಸ್‌ಬರ್ಗಿನಿಂದ ಪ್ರಧಾನಿ ಕಾಣುತ್ತಿದ್ದರು. “ಅವರು ಆಮೇಲೆ, ಮೊದಲು ಚಂದ್ರ” ಎಂದು ಹಿಂದಿನಿಂದ ಯಾರೋ ಗೊಣಗಿದರು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದ ಮೇಲೆಯೇ ನಮಗೆ ಇಳಿದದ್ದು ಖಾತ್ರಿಯಾದದ್ದು. ಮಕ್ಕಳ ಕೂಗಿಗೆ ಕೊಟ್ಟಿಗೆಯ ದನಗಳು ಬೆದರಿದವು.

ಚುಕ್ಕಿ ಇನ್ನೂ ಒಂದು ಉಳಿದಿತ್ತು, ಮಕ್ಕಳು ಕಾರ್ಟೂನ್ ಹಾಕಿಸಿಕೊಂಡರು. ದೊಡ್ಡಪ್ಪ ಬ್ಯಾಂಕನ್ನು ಕೈಯಲ್ಲಿ ತೂಗಿ ನೋಡಿ, ಬಿಸಿಯಾಗಿದೆಯಲ್ಲ ಎಂದು ಈ ಕೈಯಿಂದ ಆ ಕೈಗೆ ಮಾಡಿ, ಕ್ರಯ ವಿಚಾರಿಸಿದರು. ಹೇಳಿದೆ.

“ಕೊಯ್ಲಿನ ಹೊತ್ತಿಗೆ ಇಂಥದ್ದೊಂದು ತರಿಸು ಮಾರಾಯ. ಕರೆಂಟು ಹೋದಾಗ ಅಡಿಕೆ ಸುಲಿಯುವ ಮಷೀನು ಓಡಿಸಬಹುದು.”

“ಅದರ ಮೋಟಾರು ಎಷ್ಟು?”

“ಒಂದು ಎಚ್‌ಪಿ.”

“746 ವಾಟ್ ಆಯ್ತು. ಇದು 65.”

ದೊಡ್ಡಪ್ಪ ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಭಾಗಿಸಿದರು. “ಹಾಗಾದರೆ ಹನ್ನೆರಡು ತರಿಸು” ಅಂದರು.