ಇದ್ರಿಯಾಗೆ ಹೋಗುವವರಿಗೆ: ಸುರಂಗ ನೋಡಿ ವಾಪಸಾಗಬೇಡಿ, ಕುಲುಮೆಯನ್ನೂ ನೋಡಿ

ಚಿತ್ರದುರ್ಗದವರಿಗೆ ಗಣಿ ಹೊಸದೇನಲ್ಲ. ಇಂಗಳದಾಳಿನ ತಾಮ್ರದ ಗಣಿಯ ಮಾತು ಕೇಳುತ್ತಲೇ ಬೆಳೆದವರು ನಾವು. ಆದರೆ ಪಾದರಸದ ಗಣಿ ನಮ್ಮ ದೇಶದಲ್ಲೆಲ್ಲೂ ಇಲ್ಲ. ನೋಡಲೇಬೇಕೆಂದರೆ ಸ್ಪೇನಿನ ಅಲ್ಮಾದೆನ್‌ಗೋ ಸ್ಲೊವೇನಿಯಾದ ಇದ್ರಿಯಾಗೋ ಹೋಗಬೇಕು. ಎರಡೂ ಮುಚ್ಚಿರುವ ಗಣಿಗಳೇ. 2012ರಲ್ಲಿ ಯುನೆಸ್ಕೊ ಇವೆರಡನ್ನೂ ಜೊತೆಯಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವೆನಿಸ್ ನೋಡುವ ಯೋಚನೆ ಇದ್ದವರಿಗೆ ಇದ್ರಿಯಾ ಹತ್ತಿರ, ನಾವು ಹೋದದ್ದೂ ಅಲ್ಲಿಗೇ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ಷೆಂಗೆನ್ ವೀಸಾ ಸಾಕು. ರಾಜಧಾನಿ ಲ್ಯುಬ್ಲಿಯಾನಾದಿಂದ ಸುಮಾರು 60 ಕಿ.ಮೀ. ರೈಲಿಲ್ಲ, ಬಸ್ಸೇ ಗತಿ. ದಾರಿ ಅಂಕುಡೊಂಕು, ತಲೆ ಸುತ್ತುವವರು ಹೊಟ್ಟೆ ತುಂಬ ತಿಂದು ಹತ್ತಬೇಡಿ.

ಗಣಿಯಲ್ಲಿ ಪ್ರವಾಸಿಗರು ಇಳಿದು ನೋಡುವುದು ಆಂಟನಿ ಸುರಂಗವನ್ನು, ಅದನ್ನು 1500ರಲ್ಲಿ ಕೊರೆದದ್ದು. ಕೋಟು, ಹೆಲ್ಮೆಟ್ ಅವರೇ ಕೊಡುತ್ತಾರೆ. ಒಳಗೆ ವರ್ಷವಿಡೀ 13 ಡಿಗ್ರಿ ಆಸುಪಾಸು. ನಮ್ಮ ಬಿಸಿಲಿಗೆ ಒಗ್ಗಿದ ಮೈಗೆ ಒಳಗೊಂದು ಸ್ವೆಟರ್ ಇರಲಿ. ಮೆಟ್ಟಿಲುಗಳಿವೆ, ಮಂಡಿನೋವಿನವರು ಮೊದಲೇ ವಿಚಾರಿಸಿ.

ಒಂದು ಕಡೆ ಕಪ್ಪು ಪದರಗಲ್ಲಿನ ಮೇಲೆ ಗೈಡ್ ಬೆಳಕು ಬಿಟ್ಟರು. ಕಲ್ಲಿನ ಬಿರುಕಿನಲ್ಲಿ ಬೆಳ್ಳಿಯ ಚುಕ್ಕಿಗಳು, ಬೆಳಕು ಸರಿದಂತೆ ಒಂದೊಂದಾಗಿ ಹೊಳೆದವು. ಅದು ಪಾದರಸವೇ, ಕಲ್ಲಿನಿಂದ ಹಾಗೇ ಬೆವರಿದ್ದು. ಲೋಹ ಹೀಗೆ ಬಿಡಿಯಾಗಿ ಸಿಗುವುದು ಅಪರೂಪ. ಸಾಮಾನ್ಯವಾಗಿ ಸಿಗುವುದು ಗಂಧಕದೊಂದಿಗೆ ಸೇರಿದ ಕೆಂಪು ಅದಿರು, ನಮ್ಮ ಇಂಗಲೀಕ. 1490ರ ಸುಮಾರಿಗೆ ಮರದ ತೊಟ್ಟಿ ಮಾಡುವವನೊಬ್ಬ ಝರಿಯಲ್ಲಿ ತೊಟ್ಟಿ ನೆನೆಸುವಾಗ ಪಾದರಸವನ್ನು ಕಂಡನೆಂದು ಊರಿನ ಕಥೆ. ಆಮೇಲಿನ ಐದು ಶತಮಾನಗಳಲ್ಲಿ ಸುಮಾರು 700 ಕಿ.ಮೀ. ಸುರಂಗ ತೋಡಿ, ಲಕ್ಷ ಟನ್ನಿಗೂ ಹೆಚ್ಚು ಪಾದರಸ ತೆಗೆದರು.

ಬಹಳ ಜನ ಇಷ್ಟಕ್ಕೇ ಬಸ್ ಹತ್ತುತ್ತಾರೆ. ಹಾಗೆ ಮಾಡಬೇಡಿ. ಹಳೆಯ ಕುಲುಮೆಯ ಜಾಗದಲ್ಲೀಗ ಪ್ರದರ್ಶನ ಕೇಂದ್ರವಿದೆ, ಅಸಲು ಕೆಲಸ ಅರ್ಥವಾಗುವುದು ಅಲ್ಲೇ. ತಾಮ್ರದ ಅದಿರನ್ನು ಪುಡಿಮಾಡಿ, ನೊರೆಯಲ್ಲಿ ತೇಲಿಸಿ ಬೇರ್ಪಡಿಸಿ, ಕರಗಿಸಬೇಕು. ಪಾದರಸಕ್ಕೆ ಅಷ್ಟೆಲ್ಲ ಬೇಕಿಲ್ಲ. ಇಂಗಲೀಕವನ್ನು ಗಾಳಿಯಾಡುವಂತೆ ಚೆನ್ನಾಗಿ ಕಾಯಿಸಿದರೆ ಗಂಧಕ ಉರಿದು ಹೋಗುತ್ತದೆ. ಪಾದರಸ 357 ಡಿಗ್ರಿಗೇ ಕುದಿಯುವುದರಿಂದ ಆವಿಯಾಗಿ ಮೇಲೇಳುತ್ತದೆ, ತಂಪು ಕೊಳವೆಗಳಲ್ಲಿ ಹನಿಯಾಗಿ ಇಳಿಯುತ್ತದೆ. ಬಾಯಿಗೆ ಬಾಯಿ ಸೇರಿಸಿದ ಎರಡು ಮಡಕೆಗಳ ಆಯುರ್ವೇದದ ಡಮರು ಯಂತ್ರದಲ್ಲಿ ಕೆಳಗಿನದಕ್ಕೆ ಬೆಂಕಿ, ಮೇಲಿನದಕ್ಕೆ ಒದ್ದೆಬಟ್ಟೆ ಇಟ್ಟು ಹಿಂಗುಲದಿಂದ, ಅಂದರೆ ಇಂಗಲೀಕದಿಂದ, ಪಾರದ (ಪಾದರಸ) ತೆಗೆಯುವುದೂ ಇದೇ ತತ್ವದಲ್ಲಿ. ಪಾದರಸ ತುಂಬಿಸುತ್ತಿದ್ದ ಕಬ್ಬಿಣದ ಬಾಟಲಿ ಎರಡೂವರೆ ಲೀಟರಿನಷ್ಟು, ಒಳಗಿನ ಪಾದರಸದ ತೂಕವೋ 34.5 ಕೆ.ಜಿ.! ಕಾರ್ಮಿಕರಿಗೆ ನಡುಕ ಹಿಡಿಸಿ, ಹಲ್ಲುದುರಿಸಿದ್ದೂ ಪಾದರಸದ ಆವಿಯೇ. 1754ರಲ್ಲೇ ಗಣಿಗೆಂದು ಸ್ಕೋಪೊಲಿ ಎಂಬ ವೈದ್ಯರನ್ನು ನೇಮಿಸಿದ್ದರು.

ಸಮಯ ಮಿಕ್ಕರೆ ಗಣಿಯ ನೀರೆತ್ತುತ್ತಿದ್ದ 1790ರ ಮರದ ಚಕ್ರ ನೋಡಿ, ವ್ಯಾಸ 13.6 ಮೀಟರ್. ಪ್ರವೇಶದ ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹಿಂದಿನ ದಿನವೇ ಖಚಿತಪಡಿಸಿಕೊಳ್ಳಿ.

ಊಟದ ವಿಷಯ. ಊರಿನ ಹೆಸರಾಂತ ತಿಂಡಿ ಝ್ಲಿಕ್ರೋಫಿ. ಆಲೂಗಡ್ಡೆ ತುಂಬಿದ ಕಡುಬು ಎಂದು ಸಸ್ಯಾಹಾರಿಗಳು ಕೈಹಾಕಬೇಡಿ, ಹೂರಣದಲ್ಲಿ ಹಂದಿಯ ಕೊಬ್ಬು ಸೇರಿಸುವುದು ವಾಡಿಕೆ. ಕೇಳಿ ತಿನ್ನಿ. ನಮ್ಮ ಜೊತೆ ದಾವಣಗೆರೆಯ ಖಾರಾ ಮಂಡಕ್ಕಿ ಇತ್ತು.