ಹೆಬ್ಬೆರಳಿಗೊಂದು ಕಚ್ಚು

ಹಳೆಯ ಸೇನಾ ರೈಫಲ್ಲಾದ ಮೌಸರ್ 98ರಿಂದ ಕಟ್ಟಿದ ಬೇಟೆ ರೈಫಲ್ಲೊಂದರ ಚಿತ್ರಗಳನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ಹೊಸ ನಳಿಕೆ, ಎಣ್ಣೆ ಕುಡಿದು ಹೊಳೆಯುವ ವಾಲ್‌ನಟ್ ಮರದ ಹಿಡಿ, ಟೆಲಿಸ್ಕೋಪಿಗೆ ತಾಗದಂತೆ ಬಾಗಿಸಿದ ಬೋಲ್ಟಿನ (ತೋಟಾವನ್ನು ಒಳತಳ್ಳಿ ಬಂಧಿಸುವ ಅಗುಳಿಯ) ಹಿಡಿಕೆ, ಎಲ್ಲವೂ ಸೊಗಸು. ಆದರೆ ರಿಸೀವರಿನ, ಅಂದರೆ ಬೋಲ್ಟು ಓಡಾಡುವ ಉಕ್ಕಿನ ಕವಚದ, ಎಡಗೋಡೆಯಲ್ಲಿ ಅರ್ಧಚಂದ್ರದಂಥ ಕಚ್ಚೊಂದು ಹಾಗೆಯೇ ಉಳಿದಿದೆ. ಕ್ಲಿಪ್ಪೆಂಬ ಲೋಹದ ಪಟ್ಟಿಯಿಂದ ಐದು ತೋಟಾಗಳನ್ನು ಒಮ್ಮೆಲೇ ಒತ್ತಿ ತುಂಬುವ ಸೈನಿಕನ ಹೆಬ್ಬೆರಳಿಗೆಂದು ಕೊರೆದ ಜಾಗವದು. ಬೇಟೆಗಾರನಿಗೆ ಅದರ ಹಂಗಿಲ್ಲ. ಕೆಲವು ಕುಶಲಕರ್ಮಿಗಳು ಬೆಸುಗೆ ಹಾಕಿ ಮುಚ್ಚಿಬಿಡುತ್ತಾರೆ. ನನಗೇಕೋ ಅದು ಅತಿ ಶೃಂಗಾರವೆನಿಸುತ್ತದೆ.

ಈ ರೈಫಲ್ಲಿನ ನಿಜವಾದ ಸಂಪತ್ತು ಉದ್ದನೆಯ ಎಕ್ಸ್‌ಟ್ರಾಕ್ಟರ್, ಅಂದರೆ ತೋಟಾವನ್ನು ಹಿಡಿದೆಳೆಯುವ ಕೊಕ್ಕೆ. ತೋಟಾ ತನ್ನ ಪೆಟ್ಟಿಗೆಯಾದ ಮ್ಯಾಗಜೀನಿನಿಂದ ಮೇಲೇಳುವಾಗಲೇ ಅದರ ಅಂಚನ್ನು ಕಚ್ಚಿ ಹಿಡಿಯುತ್ತದೆ, ಖಾಲಿ ಚಿಪ್ಪನ್ನು ಹೊರಗೆಸೆಯುವವರೆಗೂ ಬಿಡುವುದಿಲ್ಲ. 1898ರಲ್ಲಿ ಜರ್ಮನ್ ಸೇನೆ ಒಪ್ಪಿಕೊಂಡ ಈ ಹಿಡಿತವನ್ನೇ, ಮೈಮೇಲೆ ನುಗ್ಗುವ ಆಫ್ರಿಕಾದ ಕಾಡೆಮ್ಮೆಯ ಎದುರು ನಿಂತವರೂ ನೆಚ್ಚಿಕೊಂಡರು.